ಮೇಲುವಸ್ತ್ರದ ತುಂಬ ಕಣ್ಣು, ಕೈಯಲ್ಲಿ ಕಾಮನಬಿಲ್ಲು

ಲಂಡನ್ನಿನ ಉತ್ತರಕ್ಕಿರುವ ಹ್ಯಾಟ್‌ಫೀಲ್ಡ್ ಹೌಸ್ ಎಂಬ ಹಳೆಯ ಬಂಗಲೆಯಲ್ಲಿ ಒಂದನೇ ಎಲಿಜಬೆತ್ ರಾಣಿಯ ಚಿತ್ರವೊಂದಿದೆ. ಎಪ್ಪತ್ತರ ಹೊಸ್ತಿಲಲ್ಲಿದ್ದ ರಾಣಿ ಅದರಲ್ಲಿ ಹರೆಯದ ಕನ್ಯೆ. ಈ ಸುಳ್ಳನ್ನು ಯಾರು ಹೇಳಿಸಿದರು, ಏಕೆ ಹೇಳಿಸಿದರು ಎಂದು ಹುಡುಕುತ್ತ ಹೋದರೆ ದಾರಿ ಬೆಳಗಾವಿ, ವಿಜಯಪುರ, ಮೈಸೂರುಗಳನ್ನೂ ಹಾದುಹೋಗುತ್ತದೆ.

ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಕಿತ್ತಳೆಗೆ ಹೊನ್ನು ಬೆರೆಸಿದಂಥ ಮೇಲುವಸ್ತ್ರವೊಂದು ಕಪ್ಪು ಹಿನ್ನೆಲೆಯಿಂದ ಎದ್ದುಬಂದಿದೆ. ಆಮೇಲೆ ಮುಖ: ಬೆಳ್ಳಗೆ, ನುಣುಪಾಗಿ, ಒಂದು ಸುಕ್ಕೂ ಇಲ್ಲದೆ. ಹೆಗಲ ಮೇಲೆ ಬಿಚ್ಚಿ ಹರಡಿದ ಕೆಂಚು ಕೂದಲು, ಎದೆಯ ಮೇಲೆ ಇಳಿಬಿದ್ದ ಮುತ್ತಿನ ಸರಗಳು, ಬಲಗೈಯಲ್ಲಿ ಕಾಮನಬಿಲ್ಲು. ಎಲ್ಲವನ್ನೂ ನೋಡಿಯಾಯಿತು ಅಂದುಕೊಳ್ಳುವ ಹೊತ್ತಿಗೆ, ಮೇಲುವಸ್ತ್ರವೇ ನಮ್ಮನ್ನು ನೋಡುತ್ತಿರುವುದು ಗೊತ್ತಾಗುತ್ತದೆ. ಆ ಬಟ್ಟೆಯ ಉದ್ದಗಲಕ್ಕೂ ಬಿಡಿಸಿರುವುದು ಮನುಷ್ಯರ ಕಣ್ಣು ಮತ್ತು ಕಿವಿಗಳು.

ಕಲೆಯ ಚರಿತ್ರೆಯಲ್ಲಿ ಇದಕ್ಕೆ ‘ರೇನ್‌ಬೋ ಪೋರ್ಟ್ರೇಟ್’ ಎಂದು ಹೆಸರು. 1600ರಿಂದ 1602ರ ನಡುವೆ ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದದ್ದು. ನಾಲ್ಕು ಅಡಿಗೂ ಕೊಂಚ ಹೆಚ್ಚು ಎತ್ತರ, ಮೂರು ಅಡಿಗೂ ಕೊಂಚ ಹೆಚ್ಚು ಅಗಲ. 1533ರಲ್ಲಿ ಹುಟ್ಟಿದ ಎಲಿಜಬೆತ್‌ಗೆ ಆಗ 66 ದಾಟಿತ್ತು. ಮದುವೆಯಿಲ್ಲ, ಮಕ್ಕಳಿಲ್ಲ, ಪಟ್ಟಕ್ಕೆ ಮುಂದೆ ಯಾರು ಎಂಬುದಕ್ಕೆ ಉತ್ತರವೂ ಇಲ್ಲ. ಈ ಚಿತ್ರವನ್ನು ರಾಣಿಯ ವೈಭವದ ದಾಖಲೆ ಎಂದು ಕೊಂಡಾಡುವವರೇ ಹೆಚ್ಚು. ನನಗೆ ಇದು ಒಂದು ಸರ್ಕಾರದ ಭಯದ ಚಿತ್ರವಾಗಿ ಕಾಣುತ್ತದೆ. ಭಯಕ್ಕೆ ಇಷ್ಟು ಸೊಗಸಾದ ಉಡುಪು ತೊಡಿಸಿ ನಿಲ್ಲಿಸಿದ ಇನ್ನೊಂದು ರಾಜಚಿತ್ರವನ್ನು ನಾನು ಕಾಣೆ.

ರಾಣಿಯ ಬಾಲ್ಯ, ಮಂತ್ರಿಯ ಮನೆ

ಚಿತ್ರವನ್ನು ಅರಿಯಬೇಕಾದರೆ ಮನೆಯನ್ನು ಅರಿಯಬೇಕು. ಹರ್ಟ್‌ಫರ್ಡ್‌ಶೈರ್‌ನ ಹ್ಯಾಟ್‌ಫೀಲ್ಡ್‌ನಲ್ಲಿ 15ನೇ ಶತಮಾನದ ಕೊನೆಯಲ್ಲಿ ಬಿಷಪ್ ಜಾನ್ ಮಾರ್ಟನ್ ಇಟ್ಟಿಗೆಯ ಅರಮನೆಯೊಂದನ್ನು ಕಟ್ಟಿಸಿದ. ಮುಂದೆ ಎಂಟನೇ ಹೆನ್ರಿ ಅದನ್ನು ವಶಪಡಿಸಿಕೊಂಡು ತನ್ನ ಮಕ್ಕಳನ್ನು ಅಲ್ಲಿ ಇರಿಸಿದ. ಎಲಿಜಬೆತ್ ಬೆಳೆದದ್ದು ಅಲ್ಲೇ. ತಾಯಿ ಆ್ಯನ್ ಬೊಲಿನ್‌ಳ ತಲೆ ಕಡಿಸಿದ ತಂದೆ, ಅನುಮಾನದ ಕಣ್ಣಿನಿಂದಲೇ ನೋಡುತ್ತಿದ್ದ ಅಕ್ಕ ಮೇರಿ, ಇವರ ನಡುವೆ ಜೀವ ಉಳಿಸಿಕೊಳ್ಳುವುದೇ ಆ ಹುಡುಗಿಗೆ ಮೊದಲ ರಾಜಕೀಯ ಪಾಠವಾಯಿತು. 1558ರ ನವೆಂಬರ್ 17ರಂದು ಆಗ ರಾಣಿಯಾಗಿದ್ದ ಮೇರಿ ತೀರಿಕೊಂಡ ಸುದ್ದಿ ಎಲಿಜಬೆತ್‌ಗೆ ಮುಟ್ಟಿದ್ದು ಹ್ಯಾಟ್‌ಫೀಲ್ಡ್‌ನಲ್ಲಿ. ಅವಳ ಮೊದಲ ಮಂತ್ರಿಸಭೆ ಸೇರಿದ್ದೂ ಆ ಹಳೆಯ ಅರಮನೆಯ ಹಜಾರದಲ್ಲೇ. ವಿಲಿಯಂ ಸೆಸಿಲ್ ಎಂಬ ಚತುರನನ್ನು ರಾಣಿ ತನ್ನ ಕಾರ್ಯದರ್ಶಿಯನ್ನಾಗಿ ಮಾಡಿಕೊಂಡಳು. ಆತ ಸಾಯುವವರೆಗೆ, ಅಂದರೆ 1598ರವರೆಗೆ, 40 ವರ್ಷ ಅವಳ ಬಲಗೈಯಾಗಿದ್ದ.

ಅವನ ಮಗ ರಾಬರ್ಟ್ ಸೆಸಿಲ್ ಕುಳ್ಳ, ಬೆನ್ನು ಗೂನು. ಆಸ್ಥಾನದಲ್ಲಿ ನಗೆಗೆ ಈಡಾಗುತ್ತಿದ್ದ ಈ ಮನುಷ್ಯ 1596ರಲ್ಲಿ ರಾಜ್ಯದ ಕಾರ್ಯದರ್ಶಿಯಾದ. ದೇಶದೊಳಗೂ ಹೊರಗೂ ಹರಡಿದ್ದ ಗೂಢಚಾರರ ಜಾಲ ಅವನ ಕೈಯಲ್ಲಿತ್ತು. ಈ ಚಿತ್ರವನ್ನು ಬರೆಸಿದವನು ಅವನೇ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಚಿತ್ರ ಬರೆದಾಗ ಇಂದಿನ ಹ್ಯಾಟ್‌ಫೀಲ್ಡ್ ಹೌಸ್ ಇರಲೇ ಇಲ್ಲ. ರಾಣಿ ತೀರಿಕೊಂಡ ಮೇಲೆ, 1607ರಲ್ಲಿ, ಹೊಸ ದೊರೆ ಒಂದನೇ ಜೇಮ್ಸ್‌ಗೆ ಸೆಸಿಲ್‌ನ ಥಿಯೋಬಾಲ್ಡ್ಸ್ ಬಂಗಲೆಯ ಮೇಲೆ ಕಣ್ಣು ಬಿತ್ತು. ಅದನ್ನು ತೆಗೆದುಕೊಂಡು ಬದಲಿಗೆ ಹ್ಯಾಟ್‌ಫೀಲ್ಡ್ ಕೊಟ್ಟ. ಸೆಸಿಲ್ ಹಳೆಯ ಅರಮನೆಯ ಮೂರು ಪಾರ್ಶ್ವಗಳನ್ನು ಕೆಡವಿ, ಆ ಇಟ್ಟಿಗೆಗಳನ್ನೂ ಬಳಸಿಕೊಂಡು ಪಕ್ಕದಲ್ಲೇ ಹೊಸ ಮನೆ ಕಟ್ಟಿಸಿದ. ಕೆಲಸ 1611ರಲ್ಲಿ ಮುಗಿಯಿತು. ಮರುವರ್ಷವೇ ಅವನೂ ಹೋದ. ಮನೆ ಇಂದಿಗೂ ಅವನ ವಂಶದವರದ್ದೇ.

ವಯಸ್ಸಾಗದ ಮುಖ

ಆ ಮುಖ ಯಾರದು? ಎಲಿಜಬೆತ್‌ಳದ್ದೇ, ಆದರೆ ಆ ವರ್ಷದ ಎಲಿಜಬೆತ್‌ಳದ್ದಲ್ಲ. 1598ರಲ್ಲಿ ಗ್ರೀನಿಚ್ ಅರಮನೆಯಲ್ಲಿ ರಾಣಿಯನ್ನು ಹತ್ತಿರದಿಂದ ಕಂಡ ಪಾಲ್ ಹೆಂಟ್ಸ್‌ನರ್ ಎಂಬ ಜರ್ಮನ್ ಪ್ರವಾಸಿ ಸುಕ್ಕುಗಟ್ಟಿದ ಮುಖ, ಕಪ್ಪಾದ ಹಲ್ಲು, ಕೆಂಪು ಕೃತಕ ಕೂದಲು ಎಂದು ಬರೆದಿಟ್ಟಿದ್ದಾನೆ. ಅದರ ಹಿಂದಿನ ವರ್ಷ ಬಂದಿದ್ದ ಫ್ರೆಂಚ್ ರಾಯಭಾರಿ ಡಿ ಮೈಸ್, ಹಲವು ಹಲ್ಲು ಉದುರಿದ್ದರಿಂದ ರಾಣಿ ಬೇಗ ಬೇಗ ಮಾತಾಡಿದರೆ ತಿಳಿಯುವುದಿಲ್ಲ ಎಂದು ದಾಖಲಿಸಿದ್ದಾನೆ.

ಇಂಥ ಮುಖವನ್ನು ಜನ ಚಿತ್ರದಲ್ಲಿ ನೋಡಕೂಡದು ಎಂಬುದು ಆಡಳಿತದ ತೀರ್ಮಾನವಾಗಿತ್ತು. 1596ರಲ್ಲಿ ಮಂತ್ರಿಮಂಡಲವು ರಾಣಿಯ ‘ಯೋಗ್ಯವಲ್ಲದ’ ಚಿತ್ರಗಳನ್ನು ಹುಡುಕಿ ಅಳಿಸಿಹಾಕಲು ಆಜ್ಞೆ ಹೊರಡಿಸಿತು. ಉಳಿದದ್ದು ಒಪ್ಪಿಗೆ ಪಡೆದ ಮಾದರಿ ಮುಖ. ನಿಕೊಲಸ್ ಹಿಲ್ಯಾರ್ಡ್ ಎಂಬ ಪುಟಾಣಿ ವರ್ಣಚಿತ್ರಗಳ ನಿಪುಣ ರೂಢಿಗೆ ತಂದ ಈ ಮುಖದಲ್ಲಿ ನೆರಳೇ ಇಲ್ಲ. ಬಯಲು ಬೆಳಕಿನಲ್ಲಿ ನೆರಳು ಬೀಳದಂತೆ ಬರೆಸಿಕೊಳ್ಳುವುದು ರಾಣಿಗೂ ಇಷ್ಟವಿತ್ತೆಂದು ಹಿಲ್ಯಾರ್ಡ್‌ನೇ ಬರೆದಿದ್ದಾನೆ. ಆ ಕಾಲದ ಕೆಲಸದ ಕ್ರಮ ಹೀಗಿತ್ತು: ಮಾದರಿ ಮುಖದ ಗೆರೆಗಳನ್ನು ಕಾಗದದ ಮೇಲೆ ಇಳಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಹೊಡೆದು, ಅದನ್ನು ಹೊಸ ಹಲಗೆ ಇಲ್ಲವೇ ಕ್ಯಾನ್ವಾಸಿನ ಮೇಲಿಟ್ಟು ಇದ್ದಿಲ ಪುಡಿಯನ್ನು ತಟ್ಟುವುದು. ಚುಕ್ಕಿಗಳನ್ನು ಜೋಡಿಸಿದರೆ ಮುಖ ಸಿದ್ಧ. ರಾಣಿ ಎದುರು ಕೂರಬೇಕಾಗಿಯೇ ಇಲ್ಲ. ಕಲೆಯ ಇತಿಹಾಸಕಾರ ರಾಯ್ ಸ್ಟ್ರಾಂಗ್ ಇದನ್ನು ಯೌವನದ ಮುಖವಾಡ ಎಂದು ಕರೆದಿದ್ದಾರೆ.

ಮುಖವಾಡ ಬೇಕಾದದ್ದು ಬರಿಯ ಸ್ತ್ರೀಸಹಜ ಆಸೆಗಾಗಿ ಎಂದರೆ ಅದು ಅನ್ಯಾಯದ ಮಾತು. ಮುಪ್ಪು ಕಂಡರೆ ಸಾವು ಕಾಣುತ್ತದೆ. ಸಾವು ಕಂಡರೆ ಮುಂದಿನ ದೊರೆ ಯಾರೆಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಎತ್ತಿದ ಪೀಟರ್ ವೆಂಟ್‌ವರ್ತ್ ಎಂಬ ಪಾರ್ಲಿಮೆಂಟ್ ಸದಸ್ಯ ಲಂಡನ್ ಟವರ್‌ನ ಸೆರೆಯಲ್ಲೇ ಸತ್ತ. 1590ರ ದಶಕದ ನಡುವಿನಲ್ಲಿ ಸಾಲುಸಾಲು ಬೆಳೆ ಕೈಕೊಟ್ಟಿತು. ಸ್ಪೇನ್ ಜೊತೆ 1585ರಿಂದ ಯುದ್ಧ, ಐರ್ಲೆಂಡಿನಲ್ಲಿ ದಂಗೆ. 1601ರ ಫೆಬ್ರುವರಿಯಲ್ಲಿ ರಾಣಿಯ ಅಚ್ಚುಮೆಚ್ಚಿನ ಎಸೆಕ್ಸ್ ಪ್ರಭುವೇ ಲಂಡನ್ನಿನ ಬೀದಿಗಿಳಿದು ಬಂಡೆದ್ದು, ಅದೇ ತಿಂಗಳು ತಲೆ ಕೊಟ್ಟ. ಹೊರಗೆ ಹೀಗಿರುವಾಗ ಚಿತ್ರದ ಒಳಗೆ ಮಳೆ ನಿಂತು ಕಾಮನಬಿಲ್ಲು ಮೂಡಿದೆ. ನಿಜಜೀವನದಲ್ಲಿ, 1603ರ ಆರಂಭದಲ್ಲಿ, ಪಟ್ಟಾಭಿಷೇಕದಂದು ತೊಟ್ಟ ಉಂಗುರ ರಾಣಿಯ ಬೆರಳಿನ ಮಾಂಸದೊಳಕ್ಕೆ ಇಳಿದು, ಅದನ್ನು ಅರದಿಂದ ಉಜ್ಜಿ ತೆಗೆಯಬೇಕಾಯಿತು ಎಂದು ವಿಲಿಯಂ ಕ್ಯಾಮ್ಡೆನ್ ಬರೆದಿದ್ದಾನೆ.

ನೋಡುವ ಬಟ್ಟೆ, ಕೇಳುವ ಬಟ್ಟೆ

ಈಗ ಮೇಲುವಸ್ತ್ರಕ್ಕೆ ಬರೋಣ. ರಾಣಿಯ ಎಡಗೈ ಬೆರಳುಗಳು ಅದರ ಅಂಚನ್ನು ಹಗುರಾಗಿ ಹಿಡಿದಿವೆ. ಕಣ್ಣುಗಳು ರೆಪ್ಪೆ ತೆರೆದಿವೆ, ಒಂದೂ ಮುಚ್ಚಿಲ್ಲ. ಮಡಿಕೆಗಳು ತೆರೆದ ಬಾಯಿಗಳಂತೆ ಕಾಣುತ್ತವೆ ಎಂದು ಕೆಲವರು ಹೇಳುತ್ತಾರೆ. ಬಾಯಿ ಇದೆಯೇ ಇಲ್ಲವೇ ಎಂಬ ವಾದ ಇನ್ನೂ ತೀರಿಲ್ಲ. ಕಣ್ಣು ಕಿವಿಗಳ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ.

ಇವುಗಳ ಅರ್ಥವೇನು? ಫ್ರಾನ್ಸಿಸ್ ಯೇಟ್ಸ್ ಎಂಬ ವಿದುಷಿ ಇದನ್ನು ಕೀರ್ತಿಯ ಲಾಂಛನವೆಂದು ಓದಿದರು: ಜಗತ್ತೆಲ್ಲ ಕಣ್ಣಾಗಿ, ಕಿವಿಯಾಗಿ ರಾಣಿಯ ಕಡೆಗೇ ತಿರುಗಿದೆ ಎಂದು. ಇನ್ನೊಂದು ಓದು ಇದಕ್ಕೆ ತಿರುಗುಮುರುಗು. ಇವು ರಾಣಿಗಾಗಿ ನೋಡುವ, ರಾಣಿಗಾಗಿ ಕೇಳುವ ಮಂತ್ರಿಗಳ, ಚಾರರ ಕಣ್ಣು ಕಿವಿಗಳು. ಲಾಂಛನಗಳಿಗೆ ಯುರೋಪಿನ ಕಲಾವಿದರೆಲ್ಲ ಆಶ್ರಯಿಸುತ್ತಿದ್ದ ಇಟಲಿಯ ಚೇಸರೆ ರಿಪಾನ ‘ಇಕೊನೊಲೊಜಿಯ’ ಗ್ರಂಥದಲ್ಲಿ ರಾಜನೀತಿಯನ್ನು ಪ್ರತಿನಿಧಿಸುವ ಹೆಣ್ಣಿನ ಉಡುಪಿಗೂ ಕಣ್ಣು ಕಿವಿಗಳೇ ಕಸೂತಿ. ಗೂಢಚಾರರೇ ಅರಸನ ಕಣ್ಣು ಎಂಬ ತಿಳಿವು ನಮ್ಮ ಅರ್ಥಶಾಸ್ತ್ರದ ಪರಂಪರೆಯಲ್ಲೂ ಹಳೆಯದು.

ಚಿತ್ರ ಸೆಸಿಲ್‌ನದ್ದೆಂದು ಒಪ್ಪುವುದಾದರೆ ಎರಡನೆಯ ಓದೇ ಸರಿ ಎನಿಸುತ್ತದೆ. ರಾಣಿಯನ್ನು ಹೊಗಳುವ ನೆಪದಲ್ಲಿ ಮಂತ್ರಿ ತನ್ನ ಕೆಲಸವನ್ನೂ ಚಿತ್ರದೊಳಗೆ ಸೇರಿಸಿದ್ದಾನೆ: ನಿನ್ನ ಮೈಮೇಲಿನ ಹೊದಿಕೆ ನಾನು ಎಂದು. ಅವಳಿಗೆ ಹೇಳದ ಗುಟ್ಟೂ ಅವನಲ್ಲಿತ್ತು. 1601ರಿಂದಲೇ ಅವನು ಸ್ಕಾಟ್ಲೆಂಡಿನ ದೊರೆ ಜೇಮ್ಸ್‌ನೊಡನೆ ಪತ್ರವ್ಯವಹಾರ ನಡೆಸಿ ಮುಂದಿನ ಪಟ್ಟದ ದಾರಿಯನ್ನು ಹದ ಮಾಡುತ್ತಿದ್ದ. ಎಲ್ಲವನ್ನೂ ಕಾಣುವ ಬಟ್ಟೆ ತೊಟ್ಟವಳಿಗೆ ಆ ಪತ್ರಗಳು ಕಾಣಲಿಲ್ಲ.

ಮೈತುಂಬ ಕಣ್ಣು, ಕೈಯಲ್ಲಿ ಕಾಮನಬಿಲ್ಲು ಎಂದೊಡನೆ ಕನ್ನಡದ ಮನಸ್ಸಿಗೆ ಇಂದ್ರ ನೆನಪಾಗದೆ ಇರುವುದಿಲ್ಲ. ಲಂಡನ್ನಿನ ಕಲಾವಿದನಿಗೆ ಅಹಲ್ಯೆಯ ಕಥೆ ತಿಳಿದಿರಲಿಲ್ಲ. ನಮ್ಮ ಪುರಾಣದಲ್ಲಿ ಆ ಕಣ್ಣುಗಳ ಹಿಂದೆ ಶಾಪವಿದೆ. ಅವನ ಚಿತ್ರದಲ್ಲಿ ಅವು ಬಿರುದು.

ಹಾವು, ಹೃದಯ, ಕೈಗವಸು

ಎಡತೋಳಿನ ಮೇಲೆ ಮುತ್ತು ರತ್ನಗಳ ಹಾವೊಂದು ಸುರುಳಿ ಸುತ್ತಿಕೊಂಡಿದೆ. ಬಾಯಿಂದ ಹೃದಯಾಕಾರದ ಕೆಂಪು ಹರಳು ಜೋತುಬಿದ್ದಿದೆ, ತಲೆಯ ಮೇಲೆ ಖಗೋಲದ ಗುಂಡು. ಹಾವು ಜಾಣತನ, ಹರಳು ಹೃದಯದ ಭಾವ. ಜಾಣತನದ ಬಾಯಲ್ಲಿ ಹೃದಯ ಸಿಕ್ಕಿಕೊಂಡಿದೆ ಎಂದರೆ ರಾಣಿ ತನ್ನ ಒಲವನ್ನು ಬುದ್ಧಿಯ ಹಿಡಿತದಲ್ಲಿಟ್ಟಿದ್ದಾಳೆ ಎಂದರ್ಥ. ಮದುವೆಯ ಮಾತುಕತೆಗಳನ್ನು ದಶಕಗಳ ಕಾಲ ಎಳೆದಾಡಿಸಿ, ಯಾರಿಗೂ ಕೈಕೊಡದೆ ರಾಜ್ಯವಾಳಿದವಳ ಬಗ್ಗೆ ಇದಕ್ಕಿಂತ ನೇರವಾಗಿ ಹೇಳಲು ಸಾಧ್ಯವಿಲ್ಲ.

ಕೊರಳ ಸುತ್ತಲಿನ ಜಾಲರಿ ಪಟ್ಟಿಯ ಮೇಲೆ ಪುಟಾಣಿ ಕೈಗವಸಿನ ಆಭರಣವಿದೆ. ಅದು ವೀರರ ಲೋಹದ ಕೈಗವಸು. ಪಟ್ಟಕ್ಕೇರಿದ ದಿನದ ನೆನಪಿಗೆ ಪ್ರತಿ ನವೆಂಬರ್ 17ರಂದು ಕುದುರೆ ಏರಿ ಈಟಿ ಹಿಡಿದು ಸೆಣಸುತ್ತಿದ್ದ ಸರದಾರರ ಕಾಣಿಕೆಯನ್ನು ಅದು ಸೂಚಿಸುತ್ತದೆ. ಕುಪ್ಪಸದ ತುಂಬ ಇಂಗ್ಲೆಂಡಿನ ತೋಟ, ಬೇಲಿಗಳ ಹೂಗಳ ಕಸೂತಿ: ವಸಂತ ಅವಳ ಮೈಮೇಲೇ ಇದೆ. ತಲೆಯುಡುಪಿನ ತುದಿಯಲ್ಲಿ ಅರ್ಧಚಂದ್ರ. ಕನ್ಯೆಯಾಗಿಯೇ ಉಳಿದ ಚಂದ್ರದೇವತೆ ಡಯಾನಾಳ ಗುರುತು. ಆ ವಿಚಿತ್ರ ತಲೆಯುಡುಪನ್ನು ಕಲಾವಿದ 1581ರಲ್ಲಿ ಅಚ್ಚಾದ ಬ್ವಾಸಾರ್ದನ ದೇಶವಿದೇಶಗಳ ಉಡುಪಿನ ಪುಸ್ತಕದಿಂದ ತೆಗೆದುಕೊಂಡ. ಅಲ್ಲಿ ಅದನ್ನು ತೊಟ್ಟವಳು ಥೆಸ್ಸಲೊನಿಕಿ ಊರಿನ ಮದುವಣಗಿತ್ತಿ. ಇಲ್ಲಿ ಅದೇ ಉಡುಪು ರಾಜ್ಯವನ್ನೇ ವರಿಸಿದ ರಾಣಿಯ ತಲೆಗೇರಿತು.

ಕೊನೆಗೆ ಕಾಮನಬಿಲ್ಲು. ಇಂದು ಅಲ್ಲಿ ಕಾಣುವುದು ಬೂದು ಛಾಯೆಯ, ಹೆಚ್ಚುಕಡಿಮೆ ಬಣ್ಣವೇ ಇಲ್ಲದ ಬಾಗಿದ ಪಟ್ಟಿ. ಅದರ ಮೇಲೆ ಲ್ಯಾಟಿನ್ ಬರಹ: ನೊನ್ ಸಿನೆ ಸೋಲೆ ಐರಿಸ್. ಸೂರ್ಯನಿಲ್ಲದೆ ಕಾಮನಬಿಲ್ಲಿಲ್ಲ ಎಂದು ಅದರ ಅರ್ಥ. ಬೈಬಲ್ಲಿನಲ್ಲಿ ಪ್ರಳಯ ಇಳಿದ ಮೇಲೆ ದೇವರು ನೋಹನಿಗೆ ಕೊಟ್ಟ ಅಭಯ ಕಾಮನಬಿಲ್ಲು. ಸೂರ್ಯ ರಾಣಿ, ಬಿಲ್ಲು ಅವಳು ತಂದ ಶಾಂತಿ. ಆದರೆ ಆ ಮಾತಿನಲ್ಲೇ ಆಸ್ಥಾನದ ಹೆದರಿಕೆಯೂ ಅಡಗಿದೆ: ಸೂರ್ಯ ಮುಳುಗಿದ ಮೇಲೆ ಏನು?

ಕುಂಚ ಯಾರದು?

ಚಿತ್ರದ ಮೇಲೆ ಸಹಿ ಇಲ್ಲ. ಮಾರ್ಕಸ್ ಗೀರಾರ್ಟ್ಸ್ ಬರೆದದ್ದೆಂದು ಕೆಲವರು, ಐಸಾಕ್ ಆಲಿವರ್ ಎಂದು ಕೆಲವರು. ಗೀರಾರ್ಟ್ಸ್ ಹುಟ್ಟಿದ್ದು ಬ್ರೂಜ್‌ನಲ್ಲಿ, ಆಲಿವರ್ ಫ್ರಾನ್ಸಿನಲ್ಲಿ. ಇಬ್ಬರೂ ಧರ್ಮದ ಹೆಸರಿನ ಹಿಂಸೆಗೆ ಹೆದರಿ ಇಂಗ್ಲೆಂಡಿಗೆ ಓಡಿಬಂದ ಪ್ರಾಟೆಸ್ಟೆಂಟ್ ಕುಟುಂಬಗಳ ಮಕ್ಕಳು. ಆಲಿವರ್ ಮದುವೆಯಾದದ್ದು ಗೀರಾರ್ಟ್ಸ್ ಮನೆತನದ ಹೆಣ್ಣನ್ನೇ. ಇಂಗ್ಲೆಂಡಿನ ರಾಜವೈಭವದ ಪ್ರತಿಮೆಯೆಂದು ಜಗತ್ತು ಒಪ್ಪಿರುವ ಈ ಚಿತ್ರ, ಯಾರದೇ ಆಗಿರಲಿ, ನಿರಾಶ್ರಿತರ ಮನೆಯ ಹುಡುಗನೊಬ್ಬನ ಕೈಚಳಕ.

1602ರ ಡಿಸೆಂಬರ್‌ನಲ್ಲಿ ರಾಬರ್ಟ್ ಸೆಸಿಲ್ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ತನ್ನ ಹೊಸ ಮನೆಗೆ ರಾಣಿಯನ್ನು ಕರೆಸಿ ಅದ್ದೂರಿ ಔತಣ, ಆಟಗಳನ್ನು ಏರ್ಪಡಿಸಿದ್ದ. ಈ ಚಿತ್ರಕ್ಕೂ ಆ ಸಮಾರಂಭಕ್ಕೂ ನಂಟಿರಬೇಕು ಎಂದು ಊಹಿಸುವವರಿದ್ದಾರೆ. ನಾಲ್ಕು ತಿಂಗಳು ಕಳೆಯುವ ಮೊದಲೇ, 1603ರ ಮಾರ್ಚ್ 24ರಂದು, ರಾಣಿ ತೀರಿಕೊಂಡಳು.

ಅದೇ ಹೊತ್ತಿಗೆ ನಮ್ಮಲ್ಲಿ

ಈ ಚಿತ್ರ ಕನ್ನಡ ನಾಡಿಗೆ ಅನಿಸುವಷ್ಟು ದೂರದ್ದಲ್ಲ. 1583ರಲ್ಲಿ ಅಕ್ಬರನಿಗೆ ಎಲಿಜಬೆತ್ ಕೊಟ್ಟ ಪತ್ರದೊಂದಿಗೆ ಲಂಡನ್ನಿನಿಂದ ಹೊರಟ ವರ್ತಕರಲ್ಲಿ ರಾಲ್ಫ್ ಫಿಚ್ ಒಬ್ಬ. ಹೊರ್ಮುಜ್‌ನಲ್ಲಿ ಪೋರ್ಚುಗೀಸರ ಕೈಗೆ ಸಿಕ್ಕಿ, ಗೋವೆಯ ಸೆರೆ ಕಂಡು, 1584ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದದ್ದು ಬೆಳಗಾವಿಗೆ, ಆಮೇಲೆ ವಿಜಯಪುರಕ್ಕೆ. ಆಗ ಅಲ್ಲಿ ಪಟ್ಟದಲ್ಲಿದ್ದವನು ಇನ್ನೂ ಹುಡುಗನಾಗಿದ್ದ ಎರಡನೇ ಇಬ್ರಾಹಿಂ ಆದಿಲ್ ಶಾಹ. ಎಲಿಜಬೆತ್‌ಳ ಚಿತ್ರ ಬರೆದ ಆಸುಪಾಸಿನ ದಶಕಗಳಲ್ಲೇ ಇಬ್ರಾಹಿಮನ ಆಸ್ಥಾನದಲ್ಲೂ ಅದ್ಭುತ ರಾಜಚಿತ್ರಗಳು ಹುಟ್ಟಿದವು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅವುಗಳಲ್ಲೊಂದರಲ್ಲಿ ದೊರೆಯ ಕೈಯಲ್ಲಿರುವುದು ತಾಳ. ಸಂಗೀತವನ್ನೇ ಉಸಿರಾಡಿದವನು ತನ್ನನ್ನು ಹಾಗೆ ತೋರಿಸಿಕೊಂಡ.

ಫಿಚ್ 1591ರಲ್ಲಿ ಊರಿಗೆ ಮರಳಿದ. ಅವನ ಅನುಭವ ಪೂರ್ವದೇಶದ ವ್ಯಾಪಾರಕ್ಕೆ ಹಾತೊರೆಯುತ್ತಿದ್ದ ಲಂಡನ್ನಿನ ವರ್ತಕರಿಗೆ ಕೈದೀವಿಗೆಯಾಯಿತು. 1600ರ ಡಿಸೆಂಬರ್ 31ರಂದು ಎಲಿಜಬೆತ್ ಆ ವರ್ತಕರಿಗೆ 15 ವರ್ಷಗಳ ವ್ಯಾಪಾರದ ಸನ್ನದು ಕೊಟ್ಟಳು. ಹುಟ್ಟಿದ್ದು ಈಸ್ಟ್ ಇಂಡಿಯಾ ಕಂಪನಿ. ಆ ಚಿತ್ರ, ಈ ಸನ್ನದು ಎರಡೂ ಒಂದೇ ಆಸ್ಥಾನದ ಒಂದೇ ಹೊತ್ತಿನ ಸೃಷ್ಟಿ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಒಡೆದದ್ದು ಅದೇ ಕಂಪನಿಯ ಸೈನ್ಯ.

ಹ್ಯಾಟ್‌ಫೀಲ್ಡ್‌ನ ಒಡೆಯರ ನಂಟು ಇನ್ನೂ ಹತ್ತಿರದ್ದು. ರಾಬರ್ಟ್ ಸೆಸಿಲ್‌ನ ವಂಶದ ಮೂರನೇ ಮಾರ್ಕ್ವಿಸ್, ಲಾರ್ಡ್ ಸಾಲಿಸ್‌ಬರಿ, ಮೂರು ಸಲ ಬ್ರಿಟನ್ನಿನ ಪ್ರಧಾನಿಯಾದವರು. ಅದಕ್ಕೂ ಮೊದಲು, 1874ರಿಂದ 1878ರವರೆಗೆ, ಅವರು ಭಾರತದ ವ್ಯವಹಾರಗಳ ಸಚಿವ. ಧಾತು, ಈಶ್ವರ ಸಂವತ್ಸರಗಳ ಭೀಕರ ಬರ ಮೈಸೂರು ಸೀಮೆಯನ್ನು ಬಡಿದದ್ದು ಅದೇ ಅವಧಿಯಲ್ಲಿ. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಕುಸಿಯಿತು. ಎಲ್ಲವನ್ನೂ ಕಾಣುವ, ಎಲ್ಲವನ್ನೂ ಕೇಳುವ ಆಡಳಿತವೆಂದು ಹೆಮ್ಮೆಪಡುವ ಚಿತ್ರವಿರುವ ಮನೆಯ ಒಡೆಯರ ಅಧಿಕಾರದಲ್ಲಿ ಇಷ್ಟು ಸಾವುಗಳಾದವು. ನಾವು ಆ ಕಣ್ಣುಗಳನ್ನು ನೋಡುವಾಗ ಇದನ್ನು ಮರೆಯಬಾರದು.

ಮನೆ ಬಿಡದ ಚಿತ್ರ

ಇಂಗ್ಲೆಂಡಿನ ಹಲವು ರಾಜಚಿತ್ರಗಳು ಹುಟ್ಟಿದ ಮನೆ ಬಿಟ್ಟಿವೆ. ಭೂಪಟದ ಮೇಲೆ ಎಲಿಜಬೆತ್ ನಿಂತಿರುವ, ಗೀರಾರ್ಟ್ಸ್ ಬರೆದ ಡಿಚ್ಲಿ ಚಿತ್ರ ಆ ಹೆಸರಿನ ಬಂಗಲೆಯಿಂದ ಹೊರಟು ಈಗ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಸ್ಪೇನಿನ ನೌಕಾಪಡೆಯ ಸೋಲನ್ನು ಸಾರುವ ಆರ್ಮಡಾ ಚಿತ್ರದ ಒಂದು ಪ್ರತಿ ವೋಬರ್ನ್ ಅಬಿಯಲ್ಲೇ ಇದೆ. ಇನ್ನೊಂದು ಪ್ರತಿ 2016ರಲ್ಲಿ ಮಾರಾಟಕ್ಕೆ ಬಂದಾಗ ಸಾವಿರಾರು ಜನರ ವಂತಿಗೆಯೂ ಸೇರಿ 1 ಕೋಟಿ 3 ಲಕ್ಷ ಪೌಂಡ್ ಕೂಡಿ, ಅದು ಗ್ರೀನಿಚ್‌ನ ಸಾರ್ವಜನಿಕ ಸಂಗ್ರಹ ಸೇರಿತು. ಕಾಮನಬಿಲ್ಲಿನ ಚಿತ್ರ ಮಾತ್ರ ಸೆಸಿಲ್ ಮನೆತನದ ಬಳಿಯೇ ಉಳಿಯಿತು. ಅದೇ ಮನೆಯಲ್ಲಿ ರಾಣಿಯ ಇನ್ನೊಂದು ಪ್ರಸಿದ್ಧ ಚಿತ್ರ, ತೋಳಿನ ಮೇಲೆ ಬಿಳಿಯ ಪುಟ್ಟ ಪ್ರಾಣಿ ಇರುವ 1585ರ ‘ಅರ್ಮಿನ್ ಪೋರ್ಟ್ರೇಟ್’ ಕೂಡ ಇದೆ. ಅವಳದೆಂದು ಹೇಳುವ ಕೈಗವಸು, ರೇಷ್ಮೆಯ ಕಾಲುಚೀಲ, ಹುಲ್ಲಿನ ಟೋಪಿ ಇವೆ. ಅವಳ ವಂಶವನ್ನು ಆದಮನವರೆಗೆ ಎಳೆದೊಯ್ಯುವ ಉದ್ದನೆಯ ವಂಶಾವಳಿಯ ಸುರುಳಿಯೂ ಇದೆ. ಅಂಗಳ ದಾಟಿದರೆ ಅವಳು ಬೆಳೆದ ಅರಮನೆಯ ಉಳಿದ ಪಾರ್ಶ್ವ. ಮ್ಯೂಸಿಯಂನ ಗೋಡೆಯ ಮೇಲೆ ಇದೇ ಚಿತ್ರ ಸುಂದರ ಒಗಟಾಗಿ ಉಳಿಯುತ್ತಿತ್ತು. ಬರೆಸಿದವನ ಮನೆಯಲ್ಲೇ ಇರುವುದರಿಂದ ಅದು ಉತ್ತರವನ್ನೂ ಹೇಳುತ್ತದೆ.

ನಮ್ಮಲ್ಲೂ ಇಂಥ ಮನೆಗಳಿವೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ರಾಜರು, ರಾಣಿಯರು, ರಾಜಕುಮಾರಿಯರು ಸಾಲಾಗಿ ನಿಂತಿದ್ದಾರೆ. 50 ವರ್ಷಗಳ ಕಮಿಷನರ್ ಆಳ್ವಿಕೆ ಮುಗಿದು 1881ರಲ್ಲಿ ಸಂಸ್ಥಾನ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ಅದಾದ ಕೆಲವೇ ವರ್ಷಗಳಲ್ಲಿ ರಾಜಾ ರವಿವರ್ಮ ಮೈಸೂರಿಗೆ ಬಂದು ರಾಜಮನೆತನದವರ ಚಿತ್ರ ಬರೆದರು. ಕಳೆದುಹೋಗಿದ್ದ ರಾಜ್ಯ ತಿರುಗಿ ಬಂದಾಗ ಅರಮನೆ ತನ್ನನ್ನು ಹೇಗೆ ತೋರಿಸಿಕೊಳ್ಳಬಯಸಿತು ಎಂಬುದು ಆ ಚಿತ್ರಗಳಲ್ಲಿ ಇದ್ದೇ ಇರುತ್ತದೆ. ಹೆಸರು, ಇಸವಿ ಓದಿಕೊಂಡು ಮುಂದಿನ ಕೋಣೆಗೆ ದಾಟಿಬಿಡುವುದು ನಮ್ಮ ರೂಢಿ.

ಮುಂದಿನ ಸಲ ಅಲ್ಲಿಗೆ ಹೋದಾಗ ಒಂದೇ ಒಂದು ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿ. ಇದನ್ನು ಯಾರು ಬರೆಸಿದರು, ಯಾರು ನೋಡಲೆಂದು ಬರೆಸಿದರು, ಕೈಯಲ್ಲಿ ಈ ವಸ್ತುವೇ ಏಕೆ, ಆ ವರ್ಷ ನಾಡಿನಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಿಕೊಳ್ಳಿ. ಮಕ್ಕಳು ಜೊತೆಗಿದ್ದರೆ ಅವರಿಂದಲೂ ಕೇಳಿಸಿ. ಸಂಗ್ರಹಗಳನ್ನು ನೋಡಿಕೊಳ್ಳುವವರು ಈ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆದು ಚಿತ್ರದ ಪಕ್ಕದಲ್ಲೇ ಇಟ್ಟರೆ, ನಮ್ಮ ಅರಮನೆಯ ಗೋಡೆಗಳು ನಾಡಿನ ಚರಿತ್ರೆಯ ಅತ್ಯುತ್ತಮ ಪಾಠಶಾಲೆಯಾಗುತ್ತವೆ.